ಖೇಸರಿ ಬೇಳೆಯ ವಿಷ: ಪೋಷಣವಿಜ್ಞಾನ ಮತ್ತು ವಿಷವಿಜ್ಞಾನಗಳ ಸಂಧಿಯಲ್ಲಿ ಒಂದು ಸಂಶೋಧನೆಯ ಚರಿತ್ರೆ

ಅನ್ನವನ್ನು ಒಂದು ಕಡೆ, ವಿಷವನ್ನು ಇನ್ನೊಂದು ಕಡೆ ಇಟ್ಟು ನೋಡುವುದು ಲೋಕರೂಢಿ. ವಿಶ್ವವಿದ್ಯಾಲಯಗಳ ಪಠ್ಯಕ್ರಮಗಳೂ ಬಹುಕಾಲ ಈ ರೂಢಿಯನ್ನೇ ಅನುಸರಿಸಿದುವು. ಪೋಷಣವಿಜ್ಞಾನವು ಜೀವರಸಾಯನದ ಅಥವಾ ಗೃಹವಿಜ್ಞಾನದ ಆಶ್ರಯದಲ್ಲಿ ಬೆಳೆಯಿತು. ವಿಷವಿಜ್ಞಾನವು ವೈದ್ಯಕೀಯ ಕಾಲೇಜುಗಳಲ್ಲಿ ಔಷಧಶಾಸ್ತ್ರದ ನೆರಳಿನಲ್ಲಿ ಉಳಿಯಿತು. ಒಂದರ ವಿದ್ಯಾರ್ಥಿಗೆ ಇನ್ನೊಂದರ ಪ್ರಯೋಗಶಾಲೆಯ ಬಾಗಿಲು ಪರಿಚಯವಾಗುತ್ತಿದ್ದುದು ಅಪೂರ್ವ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಈ ಎರಡನ್ನೂ ಒಂದೇ ವಿಭಾಗದಲ್ಲಿ ಕೂಡಿಸಿ ಸ್ನಾತಕೋತ್ತರ ವ್ಯಾಸಂಗಕ್ಕೆ ಏರ್ಪಾಡು ಮಾಡಿರುವುದುಂಟು. ಆ ಏರ್ಪಾಡಿನ ಔಚಿತ್ಯವನ್ನು ತತ್ತ್ವತಃ ಚರ್ಚಿಸುವುದಕ್ಕಿಂತ, ಈ ಎರಡು ಶಾಸ್ತ್ರಗಳು ಕೂಡದೆ ಬಿಡಿಸಲಾಗದಿದ್ದ ಒಂದು ಸಮಸ್ಯೆಯ ಚರಿತ್ರೆಯನ್ನು ನಿರೂಪಿಸುವುದು ಹೆಚ್ಚು ಪ್ರಯೋಜನಕರವೆಂದು ನಾವು ಭಾವಿಸಿದ್ದೇವೆ. ಆ ಸಮಸ್ಯೆ ಖೇಸರಿ ಬೇಳೆಯದು. ಅದರ ಗಂಟು ಸಡಿಲಿದ ಸ್ಥಳಗಳಲ್ಲಿ ಬೆಂಗಳೂರು ಒಂದು.

ಖೇಸರಿಯು ನಮ್ಮ ಕನ್ನಡ ಓದುಗರಿಗೆ ಅಷ್ಟಾಗಿ ಪರಿಚಿತವಾದ ಧಾನ್ಯವಲ್ಲ. ತೊಗರಿ ಬೇಳೆಗೂ ಕಡಲೆ ಹಿಟ್ಟಿಗೂ ಬೆರಕೆಯಾಗಿ ಬರುವ ಪದಾರ್ಥವೆಂದು ಅದರ ಹೆಸರನ್ನು ಕೇಳಿದವರು ಉಂಟು. ಸಸ್ಯಶಾಸ್ತ್ರಜ್ಞರು ಇದನ್ನು ಲ್ಯಾಥೈರಸ್ ಸಟೈವಸ್ ಎಂದು ಕರೆಯುತ್ತಾರೆ. ಮಧ್ಯಪ್ರದೇಶ, ಉತ್ತರಪ್ರದೇಶ, ಬಿಹಾರ, ಬಂಗಾಳಗಳಲ್ಲಿ ಇದು ಹಳೆಯ ಬೆಳೆ. ಬತ್ತದ ಪೈರು ಇನ್ನೂ ನಿಂತಿರುವಾಗಲೇ ಗದ್ದೆಯ ತೇವದಲ್ಲಿ ಇದರ ಬೀಜವನ್ನು ಎರಚಿಬಿಟ್ಟರೆ ಸಾಕು. ಉಳುಮೆ ಬೇಡ, ಗೊಬ್ಬರ ಬೇಡ, ಮಳೆಯೂ ಹೆಚ್ಚಾಗಿ ಬೇಡ. ನೀರು ನಿಂತರೂ ತಡೆಯುತ್ತದೆ, ಬರ ಬಿದ್ದರೂ ತಡೆಯುತ್ತದೆ. ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕವನ್ನು ಸೇರಿಸುತ್ತದೆ. ಇಷ್ಟಲ್ಲದೆ ಅದರ ಕಾಳಿನಲ್ಲಿ ನೂರಕ್ಕೆ 28ರಷ್ಟು ಪ್ರೋಟೀನು ಇರುವುದು. ಪೋಷಣವಿಜ್ಞಾನದ ಕೋಷ್ಟಕಗಳನ್ನು ಮಾತ್ರ ಮುಂದಿಟ್ಟುಕೊಂಡು ಬಡವನ ಆಹಾರವನ್ನು ನಿರ್ಣಯಿಸುವವನು ಇದಕ್ಕಿಂತ ಉತ್ತಮವಾದ ಬೇಳೆಯನ್ನು ಸೂಚಿಸಲಾರನು. ಆದರೆ ತಿಂಗಳುಗಟ್ಟಲೆ ಇದನ್ನೇ ಮುಖ್ಯ ಆಹಾರವಾಗಿ ಉಂಡವರಲ್ಲಿ ಕೆಲವರ ಕಾಲುಗಳು ಸೆಟೆದುಕೊಂಡು ಸ್ವಾಧೀನ ತಪ್ಪುತ್ತವೆ. ಮೊದಲು ಕೋಲು ಒಂದು, ಆಮೇಲೆ ಎರಡು, ಕೊನೆಗೆ ನೆಲದ ಮೇಲೆ ತೆವಳುವಿಕೆ. ಬುದ್ಧಿ, ಮಾತು, ಕೈಗಳ ಬಲ ಯಾವುದೂ ಕುಂದುವುದಿಲ್ಲ. ಆಯುಸ್ಸೂ ಮೊಟಕಾಗುವುದಿಲ್ಲ. ಹೋದ ಕಾಲು ಮಾತ್ರ ಮರಳಿ ಬರುವುದಿಲ್ಲ.

ಈ ಸಂಬಂಧವು ನಮ್ಮ ಹಿಂದಿನವರಿಗೆ ತಿಳಿಯದುದೇನೂ ಅಲ್ಲ. ಆಯುರ್ವೇದದಲ್ಲಿ ‘ಕಲಾಯಖಂಜ’ ಎಂಬ ರೋಗದ ವರ್ಣನೆಯಿದೆ. ನಡೆಯಲು ಹೊರಟಾಗ ನಡುಕ, ಕುಂಟು, ಸಂಧಿಗಳ ಶೈಥಿಲ್ಯ ಅದರ ಲಕ್ಷಣಗಳು. ಭಾವಪ್ರಕಾಶವು ತ್ರಿಪುಟವೆಂಬ ಕಾಳು ಮನುಷ್ಯನನ್ನು ಕುಂಟನನ್ನಾಗಿ ಮಾಡುವುದೆಂದು ತಿಳಿಸುತ್ತದೆ. ಯುರೋಪಿನಲ್ಲಿ ವುರ್ಟೆಂಬರ್ಗ್ ಸೀಮೆಯ ಆಳರಸರು 1671ರಲ್ಲಿ ಈ ಹಿಟ್ಟನ್ನು ರೊಟ್ಟಿಗೆ ಬೆರೆಸಕೂಡದೆಂದು ಆಜ್ಞೆ ಹೊರಡಿಸಿದರು. ಸ್ಪೇನಿನ ಚಿತ್ರಕಾರ ಗೋಯಾ ಮಾಡ್ರಿಡ್ ನಗರದ 1811–12ರ ಕ್ಷಾಮವನ್ನು ಚಿತ್ರಿಸಿದ ಫಲಕವೊಂದರಲ್ಲಿ, ಈ ಕಾಳಿನ ಗಂಜಿಗಾಗಿ ನೆರೆದ ಜನರ ನಡುವೆ ನೆಲಹಿಡಿದು ಬಿದ್ದಿರುವ ಹೆಂಗಸೊಬ್ಬಳು ಕಾಣುತ್ತಾಳೆ. ರೋಗಕ್ಕೆ ‘ಲ್ಯಾಥಿರಿಸಂ’ ಎಂಬ ಹೆಸರು ಕೊಟ್ಟವರು ನೇಪಲ್ಸಿನ ಕಾಂಟಾನಿ, 1873ರಲ್ಲಿ. ಯುರೋಪಿನ ಕಥೆಯನ್ನು ಇಷ್ಟಕ್ಕೆ ಬಿಟ್ಟು ನಾವು ಸಾಗರ ಪ್ರಾಂತಕ್ಕೆ ಬರೋಣ.

ಠಕ್ಕರನ್ನು ಅಡಗಿಸಿದವರೆಂದು ಹೆಸರಾದ ವಿಲಿಯಂ ಹೆನ್ರಿ ಸ್ಲೀಮನ್ ಅವರು ನರ್ಮದಾ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ ಒಂದು ಹಳ್ಳಿಯಲ್ಲಿ ಕಂಡುದನ್ನು 1844ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ವೈದ್ಯರಲ್ಲದ ಒಬ್ಬ ಅಧಿಕಾರಿಯ ಬರಹವಾದರೂ ರೋಗಚರಿತ್ರೆಯ ದೃಷ್ಟಿಯಿಂದ ಅದಕ್ಕೆ ಸಮನಾದುದು ವಿರಳ. ಅವರು ಹೇಳುವ ಕ್ರಮ ಹೀಗೆ: 1829ರಲ್ಲಿ ಆನೆಕಲ್ಲಿನ ಮಳೆಯಿಂದ ಗೋಧಿ ನೆಲಕಚ್ಚಿತು, 1830ರಲ್ಲಿ ಸಕಾಲದಲ್ಲಿ ಮಳೆಯಾಗಲಿಲ್ಲ, 1831ರಲ್ಲಿ ರೋಗ ತಗಲಿ ಬೆಳೆ ಹಾಳಾಯಿತು. ಗೋಧಿಯ ನಡುವೆ ತಾನಾಗಿ ಬೆಳೆದು ದನಗಳಿಗೆ ಮೇವಾಗುತ್ತಿದ್ದ ತೇವರಾ, ಅಂದರೆ ಖೇಸರಿ, ಮಾತ್ರ ಹುಲುಸಾಗಿ ಬಂತು. ಜನ ಸೊಪ್ಪುಕಡ್ಡಿಗಳನ್ನು ದನಗಳಿಗೆ ಹಾಕಿ ಕಾಳನ್ನು ತಾವು ತಿಂದರು. 1833ರಲ್ಲಿ ಫಲ ಕಾಣಿಸಿತು. ಮೂವತ್ತು ವರ್ಷದೊಳಗಿನವರ ಸೊಂಟದ ಕೆಳಗಣ ಅಂಗಗಳು ಇದ್ದಕ್ಕಿದ್ದ ಹಾಗೆ, ಅನೇಕ ವೇಳೆ ರಾತ್ರಿ ಮಲಗಿದ್ದಾಗಲೇ, ಸ್ವಾಧೀನ ತಪ್ಪಿದವು. ಎರಡು ವರ್ಷಗಳಲ್ಲಿ ಆ ಊರಿನ ತರುಣ ತರುಣಿಯರಲ್ಲಿ ಹೆಚ್ಚುಕಡಮೆ ಅರ್ಧಪಾಲು ಜನ ಇದಕ್ಕೆ ಗುರಿಯಾದರು. ಹೆಂಗಸರಿಗಿಂತ ಗಂಡಸರೇ ಹೆಚ್ಚು. 1834ರ ಅನಂತರ ಹೊಸದಾಗಿ ಯಾರಿಗೂ ಬರಲಿಲ್ಲ. ಬಂದವರಲ್ಲಿ ಯಾರಿಗೂ ವಾಸಿಯಾಗಲಿಲ್ಲ.

ಈ ವರದಿಯಲ್ಲಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು ಹಲವು ಇವೆ. ಆಹಾರದ ಕಾಲ, ರೋಗದ ಕಾಲ, ನಡುವಣ ಅಂತರ, ವಯಸ್ಸು, ಲಿಂಗಭೇದ, ಅಂಗಭೇದ, ನೆರೆಯ ಹಳ್ಳಿಗಳೊಡನೆ ಹೋಲಿಕೆ ಎಲ್ಲವೂ ಇಲ್ಲಿವೆ. ಕಾಳಿನಲ್ಲಿ ಇರುವಷ್ಟು ವಿಷ ಸೊಪ್ಪಿನಲ್ಲಿ ಇರದಿದ್ದಲ್ಲಿ ದನಗಳಿಗಿಂತ ಮನುಷ್ಯನಿಗೇ ಅಪಾಯ ಹೆಚ್ಚು ಎಂಬ ಊಹೆಯೂ ಇದೆ. ಇಷ್ಟು ಸ್ಪಷ್ಟವಾದ ಕಾರಣನಿರ್ದೇಶವು ಕೈಯಲ್ಲಿದ್ದರೂ, ಆ ವಿಷ ಯಾವುದೆಂಬುದನ್ನು ತೋರಿಸಲು ಮುಂದೆ ಸುಮಾರು 130 ವರ್ಷಗಳು ಹಿಡಿದುವು. ಏಕೆ ಹಿಡಿದುವು ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

ಮೊದಲನೆಯ ತೊಡಕು ಕಳೆಯ ಕಾಳಿನಿಂದ ಬಂದಿತು. ಖೇಸರಿಯ ಹೊಲದಲ್ಲಿ ‘ಅಕ್ತಾ’ ಎಂಬ ಇನ್ನೊಂದು ಬಳ್ಳಿ ಬೆಳೆಯುತ್ತದೆ. ಇದು ವೀಸಿಯಾ ಸಟೈವಾ ಜಾತಿಯದು. ಕೊಯ್ಲಿನಲ್ಲಿ ಎರಡರ ಕಾಳೂ ಕೂಡಿ ಬರುವುವು. 1925ರಲ್ಲಿ ಆ್ಯಂಡರ್ಸನ್, ಹೊವರ್ಡ್ ಮತ್ತು ಸೈಮನ್ಸನ್ ಎಂಬ ಮೂವರು ಶುದ್ಧವಾದ ಖೇಸರಿಯನ್ನೂ ಅಕ್ತಾವನ್ನೂ ಬೇರೆಬೇರೆಯಾಗಿ ಬೆಳೆಸಿ ಪ್ರಾಣಿಗಳಿಗೆ ತಿನ್ನಿಸಿ ನೋಡಿದರು. ಖೇಸರಿಯಿಂದ ಕೆಡುಕು ಕಾಣಲಿಲ್ಲ. ಅಕ್ತಾವಿನಿಂದ ಬಾತುಕೋಳಿಗಳೂ ಕೋತಿಗಳೂ ಪೀಡಿತವಾದುವು. ಆದುದರಿಂದ ದೋಷವು ಬೆರಕೆಯದು, ಬೇಳೆಯದಲ್ಲ ಎಂದು ಅವರು ತೀರ್ಮಾನಿಸಿದರು. ಹೊವರ್ಡರು ಕೃಷಿವಿಜ್ಞಾನದಲ್ಲಿ ಜಗತ್ಪ್ರಸಿದ್ಧರು. ಸೈಮನ್ಸನ್ನರು ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಸ್ಥಾಪಕರಿಬ್ಬರಲ್ಲಿ ಒಬ್ಬರು, ಅದೇ ಸುಮಾರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಾವಯವ ರಸಾಯನದ ಪ್ರಾಧ್ಯಾಪಕರಾಗಿದ್ದವರು. ಪ್ರಯೋಗದಲ್ಲಿ ಅಚ್ಚುಕಟ್ಟಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಪ್ರಾಣಿಯ ಆಯ್ಕೆಯಲ್ಲಿ, ಕಾಲದ ಎಣಿಕೆಯಲ್ಲಿ. ಮನುಷ್ಯನು ತಿಂಗಳುಗಟ್ಟಲೆ, ಬೇರೇನೂ ಸಿಕ್ಕದ ಹೊಟ್ಟೆಯಲ್ಲಿ, ತಿಂದುದರ ಫಲವನ್ನು ಚೆನ್ನಾಗಿ ಸಾಕಿದ ಪ್ರಾಣಿಯಲ್ಲಿ ಕಾಣಹೊರಟುದು ಸರಿಯಾಗಲಿಲ್ಲವೆಂದು ನಮ್ಮ ಅಭಿಪ್ರಾಯ. ಹೇಗೂ ಆ ತೀರ್ಮಾನದ ಪ್ರಭಾವ ದೀರ್ಘಕಾಲ ಉಳಿಯಿತು. 1962ರಲ್ಲಿ ಸಹ ರೆಸ್ಲರ್ ಅವರು ಅಕ್ತಾವಿನ ಜಾತಿಯಿಂದಲೇ ಬೀಟಾ-ಸಯನೋಅಲನೀನ್ ಎಂಬ ನರವಿಷವನ್ನು ಬೇರ್ಪಡಿಸಿ, ಮನುಷ್ಯರ ರೋಗಕ್ಕೆ ಇದು ಕಾರಣವಾಗಿರಬಹುದೆಂದು ಸೂಚಿಸಿದರು.

ಎರಡನೆಯ ತೊಡಕು ಇನ್ನೂ ಸೋಜಿಗದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ಅಮೆರಿಕದಲ್ಲಿ ಪೋಷಣವಿಜ್ಞಾನದ ಸ್ನಾತಕೋತ್ತರ ಶಿಕ್ಷಣಕ್ಕೆ ತವರೆನ್ನಬಹುದಾದ ಸ್ಥಳ. 1907ರಿಂದ 1911ರವರೆಗೆ ಅಲ್ಲಿ ಹಸುಗಳಿಗೆ ಒಂದೇ ಧಾನ್ಯದ ಆಹಾರವನ್ನು ಕೊಟ್ಟು ನಡೆಸಿದ ಪ್ರಯೋಗದಿಂದ, ರಸಾಯನ ವಿಶ್ಲೇಷಣೆಯಲ್ಲಿ ಸಮನಾಗಿ ಕಂಡ ಆಹಾರಗಳು ಪೋಷಣೆಯಲ್ಲಿ ಸಮವಲ್ಲ ಎಂಬುದು ಖಚಿತವಾಗಿತ್ತು. ಅಲ್ಲಿಯೇ 1933ರಲ್ಲಿ ಗೈಗರ್, ಸ್ಟೀನ್‌ಬಾಕ್ ಮತ್ತು ಪಾರ್ಸನ್ಸ್ ಅವರು ಇಲಿಗಳಿಗೆ ಲ್ಯಾಥೈರಸ್ ವರ್ಗದ ಹೂಬಟಾಣಿಯ ಕಾಳನ್ನು ತಿನ್ನಿಸಿ, ಅವುಗಳ ಬೆನ್ನೆಲುಬು ಸೊಟ್ಟಾಗುವುದನ್ನೂ ಕಾಲು ಕುಂಟುವುದನ್ನೂ ಕಂಡರು. ಇಲಿ ಕುಂಟಿತು, ಮನುಷ್ಯನೂ ಕುಂಟುತ್ತಾನೆ. ಆದುದರಿಂದ ರೋಗವೊಂದೇ ಎಂಬ ಭಾವನೆ ಬೆಳೆಯಿತು. 1954ರಲ್ಲಿ ಅದೇ ವಿಶ್ವವಿದ್ಯಾಲಯದ ಶಿಲ್ಲಿಂಗ್ ಮತ್ತು ಸ್ಟ್ರಾಂಗ್ ಅವರು ಹೂಬಟಾಣಿಯ ವಿಷವನ್ನು ಹಿಡಿದರು. ಅದು ಬೀಟಾ-ಅಮೈನೋ ಪ್ರೊಪಿಯೋನೈಟ್ರೈಲಿನ ಒಂದು ಸಂಯುಕ್ತ. ಆದರೆ ಅದು ಕೆಡಿಸುವುದು ಎಲುಬನ್ನೂ ಕಟ್ಟುನಾರುಗಳನ್ನೂ, ನರಗಳನ್ನಲ್ಲ. ಖೇಸರಿಯಲ್ಲಿ ಅದು ಇರುವುದೂ ಇಲ್ಲ. ಕೊನೆಗೆ 1957ರಲ್ಲಿ ಸೆಲ್ಯೆ ಅವರು ಎಲುಬಿನ ಲ್ಯಾಥಿರಿಸಂ, ನರದ ಲ್ಯಾಥಿರಿಸಂ ಎಂದು ಎರಡು ಹೆಸರುಗಳನ್ನಿಟ್ಟು ಗೊಂದಲವನ್ನು ನಿವಾರಿಸಿದರು. ಒಂದು ಹೆಸರು ಎರಡು ರೋಗಗಳನ್ನು ಕಾಲು ಶತಮಾನ ಒಂದೇ ನೊಗಕ್ಕೆ ಕಟ್ಟಿತ್ತು.

ಪ್ರಯೋಗಶಾಲೆಗಳು ಹೀಗೆ ತಡವರಿಸುತ್ತಿರುವಾಗಲೇ ಮನುಷ್ಯರ ಮೇಲೆ ಪ್ರಯೋಗ ನಡೆದುಹೋಯಿತು. ಎರಡನೆಯ ಮಹಾಯುದ್ಧದಲ್ಲಿ ರುಮೇನಿಯದ ಆಡಳಿತಕ್ಕೊಳಪಟ್ಟಿದ್ದ ವಾಪ್ನಿಯಾರ್ಕಾ ಬಂದಿಶಿಬಿರದ ಯೆಹೂದ್ಯರಿಗೆ 1942–43ರ ಚಳಿಗಾಲದಲ್ಲಿ ಮುಖ್ಯ ಆಹಾರವಾಗಿ ಈ ಕಾಳನ್ನೇ ಬೇಯಿಸಿ ಹಾಕಲಾಯಿತು. ಕೆಲವು ತಿಂಗಳಲ್ಲಿಯೇ ನೂರಾರು ಜನರ ಕಾಲುಗಳು ಹೋದುವು. ಬಂದಿಗಳಲ್ಲೊಬ್ಬರಾದ ವೈದ್ಯ ಆರ್ಥರ್ ಕೆಸ್ಲರ್ ಅವರು ರೋಗವನ್ನು ಗುರುತಿಸಿ, ಕಾಳೇ ಕಾರಣವೆಂದು ತಿಳಿಸಿದರು. ಬದುಕಿ ಉಳಿದವರ ದೇಹಸ್ಥಿತಿಯನ್ನು ಅವರು ದಶಕಗಳ ಕಾಲ ಅನುಸರಿಸಿ ದಾಖಲೆ ಮಾಡಿದರು. ಇದನ್ನು ಬರೆಯುವಾಗ ‘ಪ್ರಯೋಗ’ ಎಂಬ ಪದ ನಮಗೆ ಸಂಕೋಚವನ್ನುಂಟುಮಾಡುತ್ತದೆ. ಬೇರೆ ಪದ ದೊರಕಿಲ್ಲ.

ಭಾರತದಲ್ಲಿ ಪೋಷಣವಿಜ್ಞಾನದ ಸಂಶೋಧನೆಗೆ ಒಂದು ನೆಲೆಯನ್ನು ಕಲ್ಪಿಸಿದವರು ರಾಬರ್ಟ್ ಮೆಕ್‌ಕ್ಯಾರಿಸನ್. 1918ರಲ್ಲಿ ಕೂನೂರಿನ ಪಾಸ್ಟರ್ ಸಂಸ್ಥೆಯ ಒಂದು ಕೊಠಡಿಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಅವರು ಆರಂಭಿಸಿದ ಕಾರ್ಯವು 1928ರ ಹೊತ್ತಿಗೆ ಪೋಷಣ ಸಂಶೋಧನಾಲಯವಾಗಿ ಬೆಳೆಯಿತು. 1958ರಲ್ಲಿ ಹೈದರಾಬಾದಿಗೆ ವರ್ಗವಾಗಿ 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಮೆಕ್‌ಕ್ಯಾರಿಸನ್ನರು ಗಿಲ್ಗಿತ್ ಸೀಮೆಯ ಲ್ಯಾಥಿರಿಸಂ ಕುರಿತು 1926ರಲ್ಲಿ ಟಿಪ್ಪಣಿಯೊಂದನ್ನು ಪ್ರಕಟಿಸಿದ್ದರು. ಆದರೆ ಆ ಕಾಲದ ಪೋಷಣವಿಜ್ಞಾನಕ್ಕೆ ಜೀವಸತ್ವಗಳ ಆವಿಷ್ಕಾರವೇ ಕಣ್ಣು. ರೋಗವೆಂದರೆ ಏನೋ ಒಂದರ ಕೊರತೆ ಎಂದು ಭಾವಿಸಲು ಆ ಕಣ್ಣು ಕಲಿತಿತ್ತು. ಹೊಟ್ಟೆತುಂಬ ಪ್ರೋಟೀನು ಕೊಡುವ ಕಾಳಿನಲ್ಲಿಯೇ ಇರುವ ಒಂದು ‘ಅಧಿಕ’ ವಸ್ತುವನ್ನು ಹುಡುಕುವ ಅಭ್ಯಾಸ ಇನ್ನೂ ಬಂದಿರಲಿಲ್ಲ. ವಿಷವನ್ನು ಬಲ್ಲವರು ಆಹಾರವನ್ನು ಅರಿಯರು, ಆಹಾರವನ್ನು ಬಲ್ಲವರು ವಿಷವನ್ನು ಅರಿಯರು ಎಂಬ ಸ್ಥಿತಿ.

ಈ ಎರಡು ಅಭ್ಯಾಸಗಳೂ ಒಂದು ಕಡೆ ಕೂಡಿದುದು ಬೆಂಗಳೂರಿನ ವಿಜ್ಞಾನ ಮಂದಿರದ ಜೀವರಸಾಯನ ವಿಭಾಗದಲ್ಲಿ. ಅಲ್ಲಿನ ಪ್ರಾಧ್ಯಾಪಕ ಪಿ. ಎಸ್. ಶರ್ಮ ಅವರು ಪೋಷಣವಿಜ್ಞಾನದಲ್ಲಿ ಪಳಗಿದವರು. ಅಕ್ಕಿಯ ಪತಂಗದ ಹುಳುಗಳನ್ನು ಜೀವಸತ್ವಗಳ ಪರೀಕ್ಷೆಗೆ ಬಳಸಿದವರು. 1946ರ ಸುಮಾರಿಗೆ ವಿಸ್ಕಾನ್ಸಿನ್ನಿನಲ್ಲಿ ಎಲ್ವೆಜೆಮ್, ಸ್ನೆಲ್ ಅವರೊಡನೆ ಬಿ-6 ಜೀವಸತ್ವದ ವಿಷಯದಲ್ಲಿ ಕೆಲಸ ಮಾಡಿದ್ದವರು. ಅವರ ಬಳಿ ಇದ್ದ ತರುಣ ಸಂಶೋಧಕರಲ್ಲಿ ಎಸ್. ಎಲ್. ಎನ್. ರಾವ್ ಮತ್ತು ಪಿ. ಆರ್. ಅಡಿಗ ಅವರು ಖೇಸರಿಯ ಕಾಳನ್ನು ಕೈಗೆತ್ತಿಕೊಂಡರು. ಕಾಳಿನಲ್ಲಿರುವ ಪ್ರೋಟೀನಿಗೆ ಸೇರದ ಬಿಡಿ ಅಮೈನೋ ಆಮ್ಲಗಳೇನು ಎಂಬುದು ಮೊದಲ ಪ್ರಶ್ನೆ. ಅದರಲ್ಲಿ ಹೋಮೋಆರ್ಜಿನೀನ್ ಎಂಬ ಹೊಸ ಅಮೈನೋ ಆಮ್ಲ ಸಿಕ್ಕಿತು, ಎಲ್. ಕೆ. ರಾಮಚಂದ್ರನ್ ಅವರೂ ಕೂಡಿದ್ದ ಆ ಕೆಲಸ 1963ರಲ್ಲಿ ಪ್ರಕಟವಾಯಿತು. ಲಂಡನ್ನಿನ ಬೆಲ್ ಅವರು ಅದನ್ನು ಸ್ವತಂತ್ರವಾಗಿ 1962ರಲ್ಲಿಯೇ ಕಂಡಿದ್ದರು. ಅದು ವಿಷವಲ್ಲ.

ವಿಷವು ದೊರೆತುದು ಅದರ ಪಕ್ಕದಲ್ಲಿ. ಕಾಳಿನ ಹಿಟ್ಟನ್ನು ನೀರು ಬೆರೆಸಿದ ಮದ್ಯಸಾರದಲ್ಲಿ ಕಲಸಿ ಇಳಿಸಿದ ಸಾರವನ್ನು ಅಯಾನು ವಿನಿಮಯದ ರಾಳ ತುಂಬಿದ ಕೊಳವೆಯ ಮೂಲಕ ಹಾಯಿಸಿ ಭಾಗಭಾಗವಾಗಿ ಹಿಡಿದಾಗ, ಸಾಮಾನ್ಯ ಅಮೈನೋ ಆಮ್ಲಗಳಿಗಿಂತ ಬಹಳ ತೀಕ್ಷ್ಣವಾದ ಆಮ್ಲಗುಣವುಳ್ಳ ಒಂದು ವಸ್ತು ಬೇರೆಯಾಯಿತು. ಅದನ್ನು ಆಮ್ಲದಲ್ಲಿ ಕುದಿಸಿ ಒಡೆದರೆ ಆಕ್ಸಾಲಿಕ್ ಆಮ್ಲವೂ ಡೈಅಮೈನೋ ಪ್ರೊಪಿಯಾನಿಕ್ ಆಮ್ಲವೂ ದೊರೆತುವು. ಆದುದರಿಂದ ಅದು ಬೀಟಾ-ಎನ್-ಆಕ್ಸಾಲಿಲ್-ಆಲ್ಫಾ, ಬೀಟಾ-ಡೈಅಮೈನೋ ಪ್ರೊಪಿಯಾನಿಕ್ ಆಮ್ಲ, ಮುಂದಿನವರು ಓ.ಡಿ.ಎ.ಪಿ. ಎಂದು ಹ್ರಸ್ವಗೊಳಿಸಿದರು. ಇದರ ವಿಷಗುಣವನ್ನು ತೋರಿಸಲು ಹಿಂದಿನವರಂತೆ ದೊಡ್ಡ ಇಲಿಗಳನ್ನೇ ನೆಚ್ಚಿದ್ದರೆ ಏನೂ ಕಾಣುತ್ತಿರಲಿಲ್ಲ. ಬೆಳೆದ ಇಲಿಗೆ ಇದು ತಟ್ಟುವುದಿಲ್ಲ. ಒಂದು ದಿನದ ಕೋಳಿಮರಿಗೆ ಚುಚ್ಚಿದಾಗ ಕೊರಳು ಹಿಂದಕ್ಕೆ ತಿರುಚಿ ಸೆಳವು ಬಂದಿತು. ಎಳೆಯ ಪ್ರಾಣಿಗಳಲ್ಲಿ ರಕ್ತಕ್ಕೂ ಮಿದುಳಿಗೂ ನಡುವಣ ತಡೆ ಇನ್ನೂ ಬಲಿತಿರುವುದಿಲ್ಲವಾದುದರಿಂದ ವಿಷವು ಒಳಹೊಕ್ಕಿತು. ಈ ಒಂದು ಆಯ್ಕೆಯೇ 1925ರ ಪ್ರಯೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ. 1963ರ ಪ್ರಾಥಮಿಕ ವರದಿಯ ಅನಂತರ ರಾವ್, ಅಡಿಗ, ಶರ್ಮ ಅವರ ಪೂರ್ಣ ಪ್ರಬಂಧವು 1964ರಲ್ಲಿ ಅಮೆರಿಕದ ‘ಬಯೋಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಬಂದಿತು.

ನ್ಯಾಯವಾಗಿ ಹೇಳುವುದಾದರೆ ಯಶಸ್ಸು ಬೆಂಗಳೂರೊಂದರದೇ ಅಲ್ಲ. ದೆಹಲಿಯ ಮೂರ್ತಿ, ಶೇಷಾದ್ರಿ, ವೆಂಕಿಟಸುಬ್ರಮಣಿಯನ್ ಅವರು ಅದೇ 1964ರಲ್ಲಿ ಅದೇ ವಸ್ತುವನ್ನು ಪ್ರತ್ಯೇಕವಾಗಿ ವರ್ಣಿಸಿದರು. ಹೈದರಾಬಾದಿನ ರಾಯ್, ನಾಗರಾಜನ್, ಗೋಪಾಲನ್ ಅವರು ಕಾಳಿನ ಸಾರವನ್ನು ಕೋಳಿಮರಿಗಳಿಗೆ ಚುಚ್ಚಿ ನರದೋಷವನ್ನು ತೋರಿಸಿದ್ದು 1963ರಲ್ಲಿ. ಮೂರು ಪಟ್ಟಣಗಳು ಒಂದೇ ಕಾಲದಲ್ಲಿ ಒಂದೇ ಬಾಗಿಲನ್ನು ತಟ್ಟಿದುವು. ಆದರೂ ಸಂದೇಹವೊಂದು ಉಳಿದಿತ್ತು: ಮರಿಗಳ ಸೆಳವು ಮನುಷ್ಯನ ಕಾಲು ಸೆಟೆತವಲ್ಲವಷ್ಟೆ. 1967ರಲ್ಲಿ ರಾವ್, ಶರ್ಮ ಅವರೂ ಮಣಿ, ರಘುನಾಥರಾವ್, ಶ್ರೀರಾಮಾಚಾರಿ ಅವರೂ ಕೂಡಿ, ಬೆನ್ನುಹುರಿಯ ಸುತ್ತಣ ದ್ರವಕ್ಕೆ ನೇರವಾಗಿ ಈ ಆಮ್ಲವನ್ನು ಸೇರಿಸಿ ಕೋತಿಗಳ ಹಿಂಗಾಲುಗಳು ನಿಶ್ಚೇಷ್ಟವಾಗುವುದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1969ರಲ್ಲಿ ಚೀಮಾ, ಪದ್ಮನಾಭನ್, ಶರ್ಮ ಅವರು ಅದೇ ವಿಭಾಗದಿಂದ ವಿಷದ ಕ್ರಿಯೆಯನ್ನು ಇನ್ನಷ್ಟು ಬಿಡಿಸಿದರು.

ಆ ಬಳಿಕ ತಿಳಿದುಬಂದಂತೆ ಈ ಆಮ್ಲದ ಅಣುವು ನರಗಳ ನಡುವೆ ಸಂದೇಶ ಒಯ್ಯುವ ಗ್ಲುಟಾಮಿಕ್ ಆಮ್ಲವನ್ನು ಹೋಲುತ್ತದೆ. ಅದರ ಸ್ಥಾನವನ್ನು ಆಕ್ರಮಿಸಿ ನರಕೋಶವನ್ನು ಬಿಡುವಿಲ್ಲದೆ ಕೆರಳಿಸುತ್ತದೆ. ಸ್ಪೆನ್ಸರ್ ಮತ್ತು ಅವರ ಸಂಗಡಿಗರು 1986ರಲ್ಲಿ ಇದಕ್ಕೆ ಪ್ರಬಲವಾದ ಸಾಕ್ಷ್ಯವನ್ನು ಒದಗಿಸಿದರು. 1990ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡವು, ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳ ಒಂದು ಕಿಣ್ವಸಮೂಹವನ್ನು ಈ ವಿಷವು ತಡೆಯುವುದೆಂದು ತೋರಿಸಿತು.

ವಿಷ ತಿಳಿದ ಮೇಲೆ ಅದನ್ನು ತೆಗೆಯುವ ಉಪಾಯವೂ ಬೇಗನೆ ಬಂದಿತು. ಆಮ್ಲವು ನೀರಿನಲ್ಲಿ ಸುಲಭವಾಗಿ ಕರಗತಕ್ಕದ್ದು. ಬೇಳೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಆ ನೀರನ್ನು ಚೆಲ್ಲಿದರೆ ವಿಷದ ಬಹುಭಾಗ ಹೊರಟುಹೋಗುವುದೆಂದು ಮೋಹನ್, ನಾಗರಾಜನ್, ಗೋಪಾಲನ್ ಅವರು 1966ರಲ್ಲಿ ಸಾಧಿಸಿದರು. ಶಾಸ್ತ್ರದ ದೃಷ್ಟಿಯಿಂದ ಇದು ನಿರ್ದುಷ್ಟ. ಆದರೆ ಹೆಚ್ಚು ನೀರು ಬೇಕು, ಸೌದೆ ಬೇಕು. ಬಿಸಿನೀರಿನೊಡನೆ ಬಿ ವರ್ಗದ ಜೀವಸತ್ವಗಳೂ ಹೋಗುವುವು. ಬರಗಾಲದಲ್ಲಿ ಖೇಸರಿಯನ್ನು ನೆಚ್ಚುವವನ ಮನೆಯಲ್ಲಿ ನೀರು ಸೌದೆಗಳೆರಡೂ ದುರ್ಲಭ ಎಂಬುದನ್ನು ಪ್ರಯೋಗಶಾಲೆಯ ಒಲೆ ತಿಳಿಸುವುದಿಲ್ಲ.

ಕಾನೂನಿನ ಮಾರ್ಗವೂ ಹೀಗೆಯೇ ಅಡ್ಡಿಗೊಂಡಿತು. 1954ರ ಆಹಾರ ಕಲಬೆರಕೆ ನಿರೋಧ ಕಾಯಿದೆಯ ನಿಯಮಗಳ ಮೇರೆಗೆ 1961ರಿಂದ ಖೇಸರಿಯ ಮಾರಾಟವನ್ನು ನಿಷೇಧಿಸಲಾಯಿತು. ಜಾರಿಗೆ ತರುವುದು ರಾಜ್ಯಗಳಿಗೆ ಸೇರಿತು, ಅದು ಹೆಚ್ಚು ಬೆಳೆಯುವ ರಾಜ್ಯಗಳು ಹಿಂಜರಿದುವು. ನಿಷೇಧವಿದ್ದುದು ಮಾರಾಟಕ್ಕೆ, ಬೆಳೆದು ಉಣ್ಣುವುದಕ್ಕಲ್ಲ, ಕೂಲಿಯಾಗಿ ಅಳೆದು ಕೊಡುವುದಕ್ಕೂ ಅದು ಮುಟ್ಟಲಿಲ್ಲ. ಈ ಕೊನೆಯ ಮಾತು ರೀವಾ ಜಿಲ್ಲೆಯಲ್ಲಿ ಮುಖ್ಯವಾದುದು. ಅಲ್ಲಿ ಜೀತದ ಹಲವಾಹರಿಗೆ ಗೋಧಿ, ಕಡಲೆ, ಖೇಸರಿ ಬೆರೆತ ‘ಬಿರ್ರಾ’ ಎಂಬ ಕಾಳನ್ನು ಕೂಲಿಯಾಗಿ ಕೊಡುವ ಪದ್ಧತಿಯಿತ್ತು. ಮಳೆ ತಪ್ಪಿದ ವರ್ಷ ಗೋಧಿಯ ಪಾಲು ಕುಗ್ಗಿ ಖೇಸರಿಯ ಪಾಲು ಹಿಗ್ಗುತ್ತಿತ್ತು. ಒಟ್ಟು ಆಹಾರದಲ್ಲಿ ಮೂರನೆಯ ಒಂದು ಭಾಗವನ್ನು ಮೀರಿ, ಎರಡರಿಂದ ಆರು ತಿಂಗಳ ಕಾಲ ಇದನ್ನು ಉಂಡವರಿಗೇ ಅಪಾಯ. ನೆಲದ ಒಡೆಯನೂ ಅದೇ ಬೇಳೆಯನ್ನು ಉಣ್ಣುತ್ತಿದ್ದನು, ಆದರೆ ಅನ್ನ ರೊಟ್ಟಿಗಳ ನಡುವೆ ಮಿತವಾಗಿ. ಒಂದೇ ಕಾಳು ಒಂದು ಮನೆಯಲ್ಲಿ ಪೋಷಣೆ, ಪಕ್ಕದ ಗುಡಿಸಲಿನಲ್ಲಿ ವಿಷ. ವಿಷವಿಜ್ಞಾನದ ಪ್ರಾಥಮಿಕ ಸೂತ್ರವಾದ ಪ್ರಮಾಣವನ್ನು ಇಲ್ಲಿ ನಿರ್ಧರಿಸಿದುದು ಕೂಲಿಯ ದರ. 1976ರ ಕಾಯಿದೆಯಿಂದ ಜೀತಪದ್ಧತಿ ರದ್ದಾಯಿತು. ನೀರಾವರಿಯೂ ಪಡಿತರದ ಗೋಧಿಯೂ ಹರಡಿದಂತೆ ರೋಗ ಹಿಂಜರಿಯಿತು. ಈ ಹಿಂಜರಿತಕ್ಕೆ ನಿಷೇಧಕ್ಕಿಂತ ಇವೇ ಹೆಚ್ಚಿನ ಕಾರಣವೆಂದು ನಮಗೆ ತೋರುತ್ತದೆ.

ಸಸ್ಯತಳಿವಿಜ್ಞಾನಿಗಳು ಮೂರನೆಯ ದಾರಿ ಹಿಡಿದು, ವಿಷಾಂಶ ಅತ್ಯಲ್ಪವಾದ ತಳಿಗಳನ್ನು ಸಿದ್ಧಪಡಿಸಿದರು. ರತನ್, ಪ್ರತೀಕ್, ಮಹಾತೇವರಾ ಎಂಬುವು ಇವುಗಳಲ್ಲಿ ಕೆಲವು. ಆದರೆ ನೆಲದಲ್ಲಿ ನೀರು ಕಡಮೆಯಾದಾಗ ಅದೇ ತಳಿಯ ಕಾಳಿನಲ್ಲಿಯೂ ವಿಷಾಂಶ ಏರಬಲ್ಲದು; ಬರದ ವರ್ಷವೇ ಜನ ಈ ಕಾಳನ್ನು ಹೆಚ್ಚಾಗಿ ನೆಚ್ಚುವ ವರ್ಷವಾದುದರಿಂದ ಇದು ಸಣ್ಣ ವಿಷಯವಲ್ಲ. ಇನ್ನೊಂದು ಕಡೆ, ಬೆಂಗಳೂರಿನ ತರುಣರು ಹಿಡಿದ ಆ ಆಮ್ಲವೇ ಚೀನಾದ ಜಿನ್‌ಸೆಂಗ್ ಜಾತಿಯ ಬೇರಿನಲ್ಲಿಯೂ ಇರುವುದಾಗಿಯೂ ಅಲ್ಲಿ ಅದನ್ನು ರಕ್ತಸ್ರಾವ ತಡೆಯುವ ಗುಣಕ್ಕಾಗಿ ಬಳಸುವುದಾಗಿಯೂ ತಿಳಿದುಬಂದಿದೆ. 1963ರಲ್ಲಿ ವಿಷವಲ್ಲವೆಂದು ಬದಿಗೆ ಸರಿದ ಹೋಮೋಆರ್ಜಿನೀನಿನ ಕಡೆಗೆ ಹೃದಯ ಮತ್ತು ರಕ್ತನಾಳಗಳನ್ನು ಕುರಿತು ವ್ಯಾಸಂಗ ಮಾಡುವವರು ಈಗ ಗಮನ ಹರಿಸಿದ್ದಾರೆ. ಉಸ್ಮಾನಿಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನವನ್ನು ಬೋಧಿಸಿದ ರಾವ್ ಅವರು ತಮ್ಮ ನಂತರದ ಬರಹಗಳಲ್ಲಿ, ತಾವೇ ವಿಷವೆಂದು ತೋರಿಸಿದ ಕಾಳನ್ನು ಮಿತವಾಗಿ ಬಳಸಿದಲ್ಲಿ ಅದರ ಗುಣವನ್ನೂ ಅಳೆದು ನೋಡಬೇಕೆಂದು ವಾದಿಸಿದರು.